ಅಕ್ಕನ ಬಾಕಿ ಉಳಿಸಿಕೊಂಡು ಕ್ಷಮೆ ಕೇಳಬಹುದೇ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು, ಕ್ರೈಸ್ತ ಕುಟುಂಬ. ಮೂರು ಎಕರೆ ಮಾವಿನ ತೋಪು ಬಿಟ್ಟು, ಉಯಿಲು ಬರೆಯದೆ ಅಪ್ಪ ತೀರಿಕೊಂಡರು. ಅಮ್ಮ ಇದ್ದಾರೆ, ಮಕ್ಕಳು ನಾವಿಬ್ಬರೇ. ಅಕ್ಕನಿಗೆ ಮೂರು ಲಕ್ಷ ಕೊಡ್ತೀನಿ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಒಂದು ಲಕ್ಷ ಕೊಟ್ಟೆ. ಆಮೇಲೆ ಎರಡು ವರ್ಷ ಫಸಲು ಕೈಕೊಟ್ಟಿತು, ಉಳಿದದ್ದು ಹಾಗೇ ನಿಂತಿತು. ಆರು ವರ್ಷದಿಂದ ಅಕ್ಕ ಮಾತಾಡಿಲ್ಲ. ಕ್ರಿಸ್‌ಮಸ್‌ಗೆ ಸೀರೆ ಕಳಿಸಿ, ವಾಟ್ಸಾಪ್‌ನಲ್ಲಿ ‘ಬೇಜಾರಾಗಿದ್ರೆ ಕ್ಷಮಿಸು’ ಅಂತ ಬರೆದೆ. ಸೀರೆ ವಾಪಸ್ ಬಂತು. ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ ಯೇಸುವೇ ಹೇಳಿದ್ದಾರಲ್ಲ? ಸಭೆಯ ಹಿರಿಯರನ್ನು ಕರೆದುಕೊಂಡು ಹೋಗಲೇ?

ಉತ್ತರ: ಹಿರಿಯರು ಈಗಲೇ ಬೇಡ. ಏಳೆಪ್ಪತ್ತರ ಮಾತು (ಮತ್ತಾಯ 18:22) ಶಿಷ್ಯ ಪೇತ್ರನಿಗೆ ಸಿಕ್ಕ ಉತ್ತರ. ಅವನು ಕೇಳಿದ್ದು, ನನಗೆ ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು ಎಂದು. ಅದು ನೊಂದವರಿಗೆ ಸೇರಿದ ವಚನ. ನೋಯಿಸಿದವರು ಅದನ್ನು ಹಿಡಿದು ಹೋದರೆ ಸಾಲಗಾರನೇ ವಸೂಲಿಗೆ ಹೋದ ಹಾಗಾಗುತ್ತದೆ. ಅದೇ ಅಧ್ಯಾಯದ 15ರಿಂದ 17ನೇ ವಚನಗಳಲ್ಲಿ ಬರುವ ಕ್ರಮವೂ, ಅಂದರೆ ಮೊದಲು ಒಬ್ಬರೇ, ಆಮೇಲೆ ಒಬ್ಬಿಬ್ಬರ ಜೊತೆ, ಕೊನೆಗೆ ಸಭೆ ಎಂಬುದೂ, ನೊಂದವರ ಕೈಗೆ ಕೊಟ್ಟದ್ದೇ. ನಾಲ್ಕು ಜನ ಹಿರಿಯರ ಜೊತೆ ನೀವು ಅಕ್ಕನ ಮನೆ ಬಾಗಿಲಿಗೆ ಹೋದರೆ ಅದು ಪಂಚಾಯ್ತಿ.

ನಿಮ್ಮ ವಚನ ಮತ್ತಾಯ 5:23–24. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ನಿಂತಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು. ಕೇಳುತ್ತಿದ್ದವರಲ್ಲಿ ಬಹಳ ಮಂದಿ ಗಲಿಲಾಯದವರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ಹಲವು ದಿನದ ನಡಿಗೆ. ಅಷ್ಟು ದೂರ ಬಂದವನನ್ನೂ ವಾಪಸ್ ಕಳಿಸುವ ಮಾತು ಅದು.

ಹೋಗಿ ಮಾಡಬೇಕಾದ್ದೇನು? ಅರಣ್ಯಕಾಂಡ 5:7 ಸ್ಪಷ್ಟವಾಗಿದೆ: ತಪ್ಪನ್ನು ಒಪ್ಪಿಕೊಳ್ಳಬೇಕು, ಅಸಲನ್ನು ಪೂರ್ತಿ ಹಿಂತಿರುಗಿಸಬೇಕು, ಐದರಲ್ಲೊಂದು ಪಾಲು ಕೂಡಿಸಬೇಕು. ನಿಮ್ಮ ಲೆಕ್ಕಕ್ಕೆ ಎರಡು ಲಕ್ಷಕ್ಕೆ ನಲವತ್ತು ಸಾವಿರ ಸೇರಿ ₹2,40,000. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಯಾರೂ ಕೇಳಿರಲಿಲ್ಲ, ತಾನಾಗಿ ಅಂದದ್ದು.

ಇನ್ನೊಂದು ಲೆಕ್ಕ ನಿಮಗೆ ಕಹಿಯಾಗಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮವಾಗಿ. ಗಂಡು ಹೆಣ್ಣೆಂಬ ಭೇದವಿಲ್ಲ. ಅಮ್ಮನಿಗೆ ಒಂದೆಕರೆ, ಅಕ್ಕನಿಗೆ ಒಂದೆಕರೆ, ನಿಮಗೆ ಒಂದೆಕರೆ. ಸಹಿ ಹಾಕಿದ ದಿನ ಆ ಒಂದೆಕರೆಗೆ ಮೂರು ಲಕ್ಷ ನ್ಯಾಯವಾದ ಬೆಲೆಯಾಗಿತ್ತೇ? ಕಡಿಮೆಯಾಗಿದ್ದರೆ ಐದರಲ್ಲೊಂದನ್ನು ಲೆಕ್ಕ ಹಾಕಬೇಕಾದ್ದು ಆ ಇಡೀ ಕೊರತೆಯ ಮೇಲೆ.

ಸೀರೆ ಯಾಕೆ ವಾಪಸ್ ಬಂತು ಅನ್ನುವುದೂ ಇಲ್ಲೇ ಇದೆ. ಬಾಕಿ ಇರುವಾಗ ಕಳಿಸಿದ ಉಡುಗೊರೆ ಬಾಯಿ ಮುಚ್ಚಿಸಲು ಕೊಟ್ಟಂತೆ ಕಾಣುತ್ತದೆ. ಯಾಕೋಬನೂ ಅಣ್ಣ ಏಸಾವನಿಗೆ ಉಡುಗೊರೆ ಕಳಿಸಿದ, ಆಡು, ಕುರಿ, ಒಂಟೆ, ದನ, ಕತ್ತೆ ಅಂತ 550 ತಲೆಗಿಂತ ಕಡಿಮೆಯಿಲ್ಲ (ಆದಿಕಾಂಡ 32:14–15). ಆದರೆ 33:11ರಲ್ಲಿ ಅವನು ‘ತೆಗೆದುಕೋ’ ಎಂದು ಕೊಡುವಾಗ ಮೂಲ ಹೀಬ್ರೂವಿನಲ್ಲಿ ಬಳಸುವ ಪದ ‘ಬೆರಾಖಾ’, ಅಂದರೆ ಆಶೀರ್ವಾದ. ಅಣ್ಣನಿಗೆ ಸಲ್ಲಬೇಕಿದ್ದಾಗ ಅಪ್ಪನಿಂದ ಮೋಸದಲ್ಲಿ ಪಡೆದದ್ದೂ ಅದನ್ನೇ. ಕಸಿದದ್ದರ ಹೆಸರು ಹೇಳಿಯೇ ಹಿಂದಕ್ಕೆ ಕೊಡುತ್ತಾನೆ.

ಹಣವನ್ನು ಅಕ್ಕನ ಖಾತೆಗೇ ಹಾಕಿ, ಬಾವನ ಖಾತೆಗಲ್ಲ. ಒಟ್ಟಿಗೆ ಆಗದಿದ್ದರೆ ಕಂತಿನ ಮೊತ್ತ, ತಾರೀಖು ಬರೆದುಕೊಡಿ, ಮೊದಲ ಕಂತು ಹಾಕಿದ ಮೇಲೆ ಹೋಗಿ. ಹೋಗಲೇ ಅಂತ ಮೊದಲು ಕೇಳಿ, ಒಬ್ಬರೇ ಹೋಗಿ. ಹಬ್ಬ, ಮದುವೆ, ಆರಾಧನೆಯ ದಿನ ಬೇಡ. ನಾಲ್ಕು ಜನರೆದುರು ‘ಇಲ್ಲ’ ಅನ್ನಲು ಅಕ್ಕನಿಗೆ ಆಗುವುದಿಲ್ಲ. ‘ಬೇಜಾರಾಗಿದ್ರೆ’ ಎಂಬ ಮಾತು ಬಿಡಿ. ‘ಮೂರು ಅಂತ ಹೇಳಿ ಸಹಿ ತಗೊಂಡು ಒಂದೇ ಕೊಟ್ಟೆ, ತಪ್ಪು ನಂದೇ ಅಕ್ಕ’ ಅಂದರೆ ಸಾಕು. ಫಸಲಿನ ಕತೆ ಅಕ್ಕ ಕೇಳಿದರೆ ಮಾತ್ರ.

ಆಮೇಲೂ ಅಕ್ಕ ಮಾತಾಡದೆ ಇರಬಹುದು. ಆದರೆ ಸಾಧ್ಯವಾದರೆ, ನಿಮ್ಮಿಂದಾಗುವಷ್ಟು ಮಟ್ಟಿಗೆ ಎಲ್ಲರೊಂದಿಗೂ ಸಮಾಧಾನದಿಂದಿರಿ ಎನ್ನುತ್ತದೆ ರೋಮಾಪುರದವರಿಗೆ ಬರೆದ ಪತ್ರ 12:18. ಅಪ್ಪಿಕೊಂಡು ಅತ್ತ ಮೇಲೂ ಏಸಾವ ಸೇಯೀರಿಗೆ, ಯಾಕೋಬ ಸುಕ್ಕೋತಿಗೆ ಹೋದರು. ಅಪ್ಪನನ್ನು ಮಣ್ಣುಮಾಡಲು ಇಬ್ಬರೂ ಸೇರಿದರು (ಆದಿಕಾಂಡ 35:29).

ಅಷ್ಟರಲ್ಲಿ ಅಮ್ಮನ ಪಾಲಿನ ಎಕರೆಯನ್ನು ಅಕ್ಕನಿಗೆ ತಿಳಿಸದೆ ನಿಮ್ಮ ಹೆಸರಿಗೆ ಬರೆಸಿಕೊಳ್ಳಬೇಡಿ. ಅಮ್ಮನನ್ನು ರಾಯಭಾರಕ್ಕೂ ಕಳಿಸಬೇಡಿ.