ಕಿಮೋ ಆದಮೇಲೆ ಎನ್‌ಎಲ್‌ಆರ್ 3ರಿಂದ 11ಕ್ಕೆ ಏರಿದ್ದು ಯಾಕೆ?

ನಿಮ್ಮ ಅವ್ವಾರ ಎನ್‌ಎಲ್‌ಆರ್ (ರಕ್ತದ ಬಿಳಿಕಣಗಳಾದ ನ್ಯೂಟ್ರೋಫಿಲ್‌ನ್ನ ಲಿಂಫೋಸೈಟ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆ) 3ರಿಂದ 11ಕ್ಕೆ ಜಿಗಿದದ್ದಕ್ಕೆ ಗಡ್ಡೆಗಿಂತ, ಕಿಮೋ ಮರುದಿನ ಹಾವೇರಿಯಲ್ಲಿ ಹಾಕಿಸಿದ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ನೇ ಕಾರಣ ಇರಬೇಕ್ರೀ. ಅದು ಇರೋದೇ ನ್ಯೂಟ್ರೋಫಿಲ್ ಏರಿಸಲಿಕ್ಕೆ. ವಾಂತಿಗೆ ಕೊಡುವ ಡೆಕ್ಸಾಮೆಥಾಸೋನ್ ಕೂಡ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ.

ಮೊದಲು ಕಿಮೋ ಶುರುವಾಗುವ ಮುಂಚಿನ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ತೆಗೆದು ನೋಡಿ: ನ್ಯೂಟ್ರೋಫಿಲ್ ಶೇ. 72, ಲಿಂಫೋಸೈಟ್ ಶೇ. 24, ಭಾಗಿಸಿದರೆ 3. ಕಾಯಿಲೆ ಮುಂದೆ ಹೇಗಿರಬಹುದು ಅನ್ನೋ ಅಂದಾಜಿಗೆ ಹಿಡಿಯಬೇಕಾದ್ದು ಅದನ್ನೇ. ಹೋಲಿಸಬೇಕೆಂದರೆ ಮುಂದಿನ ಕಿಮೋಕ್ಕೆ ಹುಬ್ಬಳ್ಳಿಗೆ ಹೋದಾಗ, ಡೆಕ್ಸಾ ಕೊಡುವ ಮುನ್ನ ತೆಗೆದ ರಕ್ತದ ರಿಪೋರ್ಟ್ ಇಟ್ಟುಕೊಳ್ಳಿ. ಆದರೂ ಗಡ್ಡೆ ಕರಗುತ್ತಿದೆಯೋ ಇಲ್ಲವೋ ಅನ್ನೋದನ್ನ ಈ ಒಂದು ಸಂಖ್ಯೆ ಹೇಳಲಾರದು, ಅದಕ್ಕೆ ಸ್ಕ್ಯಾನೇ ಬೇಕು.

ಸೋಂಕಿನಿಂದಲೂ ಇದು ಏರುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಆಗಲೇ ಕರೆದೊಯ್ದು ಕಿಮೋ ದಿನಾಂಕ ಮೊದಲೇ ಹೇಳಿ.