ಕೊರೊನಾ ಕಾಲದಲ್ಲಿ ದೂರದೂರದ ಮೆಡಿಕಲ್ ಕಾಲೇಜುಗಳು ಒಟ್ಟಿಗೆ ಸಂಶೋಧನೆ ಮಾಡಿದ್ದು ಹೇಗೆ?

ನೀವು ಕೇಳಿದ್ದು ಎರಡು ಪ್ರಶ್ನೆ. ಕೊರೊನಾ ಸಮಯದಲ್ಲಿ ಬೇರೆ ಬೇರೆ ಊರಿನ ಮೆಡಿಕಲ್ ಕಾಲೇಜಿನವರು ಒಬ್ಬರ ಮುಖ ಒಬ್ಬರು ನೋಡದೆ ಹೇಗೆ ಒಟ್ಟಿಗೆ ಕೆಲಸ ಮಾಡಿದರು? ಈಗ ಪಿಜಿ ಓದುತ್ತಿರುವ ನೀವು ಮೂರು ನಾಲ್ಕು ಕಾಲೇಜು ಸೇರಿಸಿ ಅಧ್ಯಯನ ಶುರು ಮಾಡಬೇಕೆಂದರೆ ಜೂಮ್, ವಾಟ್ಸಾಪ್ ಇದ್ದರೆ ಸಾಕಾ?

ಸಾಕಾಗಲ್ಲ. ನಾನು ಮುಂಬೈನ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದಲ್ಲಿದ್ದೇನೆ. ಊರು ಧಾರವಾಡ. 2020-21ರಲ್ಲಿ ಐಸಿಯು ಡ್ಯೂಟಿ ಜೊತೆಗೆ, ಹಲವು ಆಸ್ಪತ್ರೆಗಳು ಸೇರಿ ಮಾಡುತ್ತಿದ್ದ ಅಧ್ಯಯನದ ಕೆಲಸವನ್ನೂ ನೋಡಿಕೊಂಡೆ. ಮೀಟಿಂಗನ್ನು ಎಲ್ಲಿಂದ ಬೇಕಾದರೂ ಮಾಡಬಹುದು. ಆದರೆ ರೋಗಿಯ ಹಾಸಿಗೆ ಪಕ್ಕ ನಿಂತು ಬರೆದುಕೊಳ್ಳುವ ಒಬ್ಬರು ಇರಲೇಬೇಕು. ಅವರು ಬರೆದದ್ದು ಸರಿ ಇದ್ದರೆ ಮಾತ್ರ ಉಳಿದದ್ದೆಲ್ಲ ಸರಿ.

ವಿಡಿಯೋ ಕಾಲ್‌ನಿಂದ ಉಪಯೋಗವೇ ಆಗಲಿಲ್ಲ ಅಂತ ನಾನು ಹೇಳಲ್ಲ. 2020ರ ಜುಲೈನಲ್ಲಿ ದಿಲ್ಲಿಯ ಏಮ್ಸ್ ಇ-ಐಸಿಯು, ಅಂದರೆ ಬೇರೆ ಊರಿನ ಐಸಿಯು ಡಾಕ್ಟರುಗಳ ಜೊತೆ ವಿಡಿಯೋದಲ್ಲಿ ಚರ್ಚೆ, ಶುರು ಮಾಡಿದಾಗ ಮೊದಲು ಸೇರಿಕೊಂಡದ್ದೇ ಮುಂಬೈ ಮತ್ತು ಗೋವಾದ ಆಸ್ಪತ್ರೆಗಳು. ರೋಗಿಯನ್ನು ಹೊಟ್ಟೆ ಮೇಲೆ ಮಲಗಿಸುವುದು, ಹೈ ಫ್ಲೋ ಆಕ್ಸಿಜನ್ ಯಾರಿಗೆ ಕೊಡಬೇಕು, ಯಾವ ಔಷಧಿಯನ್ನು ಸುಮ್ನೆ ಬರೆಯಬಾರದು, ಇಂಥದ್ದೆಲ್ಲ ಅಲ್ಲಿ ಚರ್ಚೆಯಾಗುತ್ತಿತ್ತು. ಹೊಸ ಕಾಯಿಲೆ ಎದುರಿಗಿದ್ದಾಗ ಅನುಭವ ಇರುವವರನ್ನು ಕೇಳಲು ಒಂದು ಜಾಗ ಸಿಕ್ಕಿದ್ದು ದೊಡ್ಡ ವಿಷಯ. ಆದರೆ ಚಿಕಿತ್ಸೆ ಬಗ್ಗೆ ಸಲಹೆ ಕೇಳುವುದು ಒಂದು ಕೆಲಸ, ಹತ್ತಾರು ಊರಿನ ರೋಗಿಗಳ ಲೆಕ್ಕವನ್ನು ಒಂದೇ ಕೋಷ್ಟಕಕ್ಕೆ ತರುವುದು ಇನ್ನೊಂದು ಕೆಲಸ.

ಆ ಎರಡನೆಯದರಲ್ಲಿ ಮೊದಲ ತೊಡಕು ಫಾರಂ. ಪ್ರತಿ ಕಾಲೇಜಿನ ಹಿರಿಯರೂ ತಮಗೆ ಬೇಕಾದ ಒಂದೊಂದು ಪ್ರಶ್ನೆ ಸೇರಿಸುತ್ತಾರೆ. ಕೊನೆಗೆ ಅದು ಪುಟಗಟ್ಟಲೆ ಬೆಳೆಯುತ್ತದೆ. ಪಿಪಿಇ ಹಾಕಿಕೊಂಡು, ಬೆವರಿನಲ್ಲಿ ಕನ್ನಡಕ ಮಂಜಾಗಿರುವ ರೆಸಿಡೆಂಟ್ (ಪಿಜಿ ಓದುತ್ತಾ ಡ್ಯೂಟಿ ಮಾಡುವ ಡಾಕ್ಟರ್) ಅದನ್ನು ಯಾವಾಗ ತುಂಬಬೇಕು ಹೇಳಿ? ಕೋವಿಡ್ ವಾರ್ಡಿನ ಕೇಸ್ ಪೇಪರ್ ಹೊರಗೆ ತರುವ ಹಾಗೂ ಇರಲಿಲ್ಲ. ಪ್ಲಾಸ್ಟಿಕ್ ಕವರ್‌ನಲ್ಲಿ ಫೋನ್ ಇಟ್ಟು ಫೋಟೋ ತೆಗೆದು, ಹೊರಗೆ ಕೂತವರು ಅದನ್ನು ನೋಡಿ ಟೈಪ್ ಮಾಡುತ್ತಿದ್ದೆವು.

ಕೋವಿಡ್‌ಗೆ ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ಬ್ರಿಟನ್ನಿನ ಹಲವು ಆಸ್ಪತ್ರೆಗಳು ಸೇರಿ ಪರೀಕ್ಷಿಸಿದ ರಿಕವರಿ ಟ್ರಯಲ್ ಗೆದ್ದದ್ದು ಈ ಫಾರಂ ವಿಷಯದಲ್ಲೇ ಅಂತ ನನ್ನ ಅಭಿಪ್ರಾಯ. ಪ್ರೋಟೋಕಾಲ್ ಬರೆದ 9 ದಿನಕ್ಕೆ ಮೊದಲ ರೋಗಿ ಸೇರಿದ್ದರು. ವಾರ್ಡಿನ ಡಾಕ್ಟರಿಂದ ಕೇಳಿದ ಮಾಹಿತಿ ತೀರಾ ಕಡಿಮೆ. 28 ದಿನದೊಳಗೆ ರೋಗಿ ತೀರಿಕೊಂಡರಾ ಇಲ್ಲವಾ ಅನ್ನುವುದೇ ಮುಖ್ಯ ಪ್ರಶ್ನೆ. 2020ರ ಜೂನ್ 16ಕ್ಕೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಬಗ್ಗೆ ಉತ್ತರ ಬಂತು. ಅದನ್ನು ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ನಮ್ಮ ಯಾವುದೇ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಅಗ್ಗದ ಔಷಧಿ ಅದು! ಆ ಸುದ್ದಿ ನೋಡಿದ ಸಂಜೆ ನಮ್ಮ ಐಸಿಯುನಲ್ಲಿ ಎಷ್ಟು ಸಮಾಧಾನ ಆಗಿತ್ತು ಅಂತ ಹೇಳಲು ಬರಲ್ಲ.

ಎರಡನೇ ತೊಡಕು, ಎಲ್ಲರೂ ಒಂದೇ ಅಳತೆ ಹಿಡಿಯುವುದು. ಯಾರನ್ನು ಗಂಭೀರ ರೋಗಿ ಅಂತ ಎಣಿಸಬೇಕು? ಆಕ್ಸಿಜನ್ ಮಟ್ಟ 94ಕ್ಕಿಂತ ಕೆಳಗಿದ್ದರಾ, 90ಕ್ಕಿಂತ ಕೆಳಗಾ? ಮಾಸ್ಕ್ ತೆಗೆದು ನೋಡಿದ ಸಂಖ್ಯೆಯಾ, ಮಾಸ್ಕ್ ಇದ್ದಾಗಿನದಾ? ಒಂದು ಆಸ್ಪತ್ರೆ ಒಂದು ಥರ, ಇನ್ನೊಂದು ಇನ್ನೊಂದು ಥರ ಬರೆದರೆ ಸಾವಿರ ರೋಗಿಗಳನ್ನು ಕೂಡಿಸಿದರೂ ಏನೂ ತಿಳಿಯಲ್ಲ. ನಮ್ಮ ಆನ್‌ಲೈನ್ ಮೀಟಿಂಗ್‌ಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಂಥ ಚರ್ಚೆ ಮಾತ್ರ.

ಇನ್ನು 28ನೇ ದಿನದ ವಿಚಾರಣೆ, ಅಂದರೆ ಮನೆಗೆ ಹೋದ ರೋಗಿ ಹೇಗಿದ್ದಾರೆ ಅಂತ ಕೇಳುವುದು. ನನಗೆ ಈಗಲೂ ಜಾಸ್ತಿ ನೆನಪಾಗುವುದು ಇದೇ. ನಮ್ಮಲ್ಲಿ ಡಿಸ್ಚಾರ್ಜ್ ಆದವರಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೆಲಸದವರು ಇದ್ದರು. ಕೆಲಸ ನಿಂತಿತ್ತು, ಊರಿಗೆ ಹೋಗಿಬಿಟ್ಟಿದ್ದರು. ಕೇಸ್ ಪೇಪರ್‌ನಲ್ಲಿ ಬರೆಸಿದ ನಂಬರ್ ಮುಕಾದಮನದು, ಅಂದರೆ ಕೆಲಸಕ್ಕೆ ಜನ ಕರೆತರುವ ಮೇಸ್ತ್ರಿಯದು. ಆತನಿಗೆ ಹಿಂದಿಯಲ್ಲಿ ಫೋನ್ ಮಾಡಿದರೆ ಹೆದರಿ ಕಟ್ ಮಾಡುತ್ತಿದ್ದ. ಮತ್ತೆ ಕ್ವಾರಂಟೈನ್‌ಗೆ ಕರೆದೊಯ್ಯುತ್ತಾರೆ ಅನ್ನುವ ಭಯ. ಹಾಗಾಗಿ ಕನ್ನಡ ಬರುವವರು ಈ ಕೆಲಸ ತೆಗೆದುಕೊಂಡೆವು. ನಾನು, ಮಂಗಳೂರಿನ ಒಬ್ಬ ಸಿಸ್ಟರ್, ವಿಜಯಪುರದ ಒಬ್ಬ ರೆಸಿಡೆಂಟ್. ಮೊದಲು ಊರಿನ ಮಳೆ, ಬೆಳೆ ಕೇಳಬೇಕು. ಆಮೇಲೆ ಉಸಿರಾಟದ ಮಾತು. "ಆರಾಮ ಹಾನ್ರಿ ಮೇಡಂ, ಹೊಲಕ್ಕ ಹೋಗ್ಯಾನ" ಅಂತ ಆ ಕಡೆಯಿಂದ ಒಬ್ಬ ತಾಯಿ ಹೇಳಿದರೆ ನಮ್ಮ ಕೋಷ್ಟಕದಲ್ಲಿ ಒಂದು ಖಾಲಿ ಜಾಗ ತುಂಬುತ್ತಿತ್ತು. ಫೋನೇ ಸಿಗದಿದ್ದಾಗ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ನೋಡಿ ಹೇಳಿದ್ದಾರೆ. ಅವರ ಉಪಕಾರ ದೊಡ್ಡದು.

ಹಾಸಿಗೆ ಪಕ್ಕ ಯಾರಿದ್ದರು ಅಂತ ಗೊತ್ತೇ ಇಲ್ಲದ ಡೇಟಾ ಏನು ಮಾಡುತ್ತದೆ ಅನ್ನುವುದಕ್ಕೂ ಅದೇ ವರ್ಷ ಉದಾಹರಣೆ ಸಿಕ್ಕಿತು. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ, ಮಲೇರಿಯಾ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್ ರೋಗಿಗಳಿಗೆ ಅಪಾಯ ಅನ್ನುವ ಒಂದು ಪ್ರಬಂಧ ಬಂತು. 671 ಆಸ್ಪತ್ರೆ, 96,000ಕ್ಕೂ ಹೆಚ್ಚು ರೋಗಿಗಳು ಅಂತ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಔಷಧಿಗಳನ್ನು ಹಲವು ದೇಶಗಳಲ್ಲಿ ಪರೀಕ್ಷಿಸುತ್ತಿದ್ದ ತನ್ನ ಸಾಲಿಡಾರಿಟಿ ಟ್ರಯಲ್‌ನಲ್ಲಿ ಆ ಔಷಧಿಯ ಭಾಗವನ್ನೇ ಕೆಲವು ದಿನ ನಿಲ್ಲಿಸಿತು. ಮೂಲ ಡೇಟಾ ತೋರಿಸಿ ಅಂದಾಗ ಹೊರಗಿನ ತಪಾಸಣೆಗೆ ಅದು ಸಿಗಲೇ ಇಲ್ಲ. ಜೂನ್ 4ಕ್ಕೆ ಪ್ರಬಂಧ ವಾಪಸ್. ಆ ಔಷಧಿಯಿಂದ ಲಾಭ ಇಲ್ಲ ಅಂತ ಆಮೇಲೆ ಸರಿಯಾದ ಟ್ರಯಲ್‌ಗಳು ತೋರಿಸಿದವು, ಅದು ಬೇರೆ ಮಾತು.

ನಮ್ಮ ದೇಶದ್ದೇ ಒಳ್ಳೆಯ ಉದಾಹರಣೆ ಬೇಕೆಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪ್ಲಾಸಿಡ್ ಟ್ರಯಲ್ ಓದಿ. 39 ಆಸ್ಪತ್ರೆ, 464 ರೋಗಿಗಳು. 2020ರ ಏಪ್ರಿಲ್‌ನಿಂದ ಜುಲೈ, ಅಂದರೆ ಲಾಕ್‌ಡೌನ್ ನಡುವೆಯೇ. ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾ ಕೊಟ್ಟಿದ್ದರಿಂದ ಸಾವಾಗಲಿ, ಕಾಯಿಲೆ ಉಲ್ಬಣಿಸುವುದಾಗಲಿ ಕಡಿಮೆ ಆಗಲಿಲ್ಲ ಅಂತ ತೋರಿಸಿದರು. ಆದರೂ 2021ರ ಮೇವರೆಗೆ ಕೋವಿಡ್ ಚಿಕಿತ್ಸೆಯ ಮಾರ್ಗಸೂಚಿಯಲ್ಲಿ ಪ್ಲಾಸ್ಮಾ ಉಳಿಯಿತು. ಎರಡನೇ ಅಲೆಯಲ್ಲಿ ಮನೆಯವರು ಅದಕ್ಕಾಗಿ ಊರೆಲ್ಲಾ ಅಲೆದದ್ದು ಕಣ್ಣಾರೆ ನೋಡಿದ ನನಗೆ ಇದು ಇಂದಿಗೂ ನೋವಿನ ವಿಷಯ.

ಮುಂಬೈ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ ಮುಂದೆ ನಿಂತು ನಡೆಸುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್, ಅಂದರೆ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲ, ಇನ್ನೊಂದು ಉದಾಹರಣೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಇದರ ಸದಸ್ಯ. 41 ಕೇಂದ್ರಗಳ ಲೆಕ್ಕ ಸೇರಿಸಿ ನೋಡಿದಾಗ, 2020ರ ಮಾರ್ಚ್‌ನಿಂದ ಮೇವರೆಗೆ ಹೊಸ ಕ್ಯಾನ್ಸರ್ ರೋಗಿಗಳ ನೋಂದಣಿ ಹಿಂದಿನ ವರ್ಷಕ್ಕಿಂತ ಶೇ. 54ರಷ್ಟು ಕುಸಿದಿತ್ತು. ಇಂಥ ಲೆಕ್ಕ ಸೇರಿಸುವುದು ಅವರಿಗೆ ಸಾಧ್ಯವಾದದ್ದು ಹೇಗೆ? ಗ್ರಿಡ್ 2012ರಿಂದಲೇ ಇತ್ತು. ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿತ್ತು. ಆದ್ದರಿಂದ ಮುಂದಿನ ಸಾಂಕ್ರಾಮಿಕಕ್ಕೆ ಕಾಯಬೇಡಿ, ಈಗಲೇ ಸಣ್ಣದೊಂದು ಅಧ್ಯಯನ ಶುರು ಮಾಡಿ.

ಶುರುವಿನಲ್ಲೇ ಪ್ರತಿ ಕಾಲೇಜಿನಲ್ಲಿ ಜವಾಬ್ದಾರಿ ಹೊರುವ ಒಬ್ಬರ ಹೆಸರು ಬರೆದಿಡಿ. ಫಾರಂ ಒಂದು ಪುಟ ದಾಟದಿರಲಿ. ಪ್ರಬಂಧದಲ್ಲಿ ಯಾರ ಹೆಸರು ಬರುತ್ತದೆ ಅನ್ನುವುದನ್ನು ಮೊದಲ ಮೀಟಿಂಗ್‌ನಲ್ಲೇ ತೀರ್ಮಾನಿಸಿ, ಎಲ್ಲರಿಗೂ ಈಮೇಲ್ ಕಳಿಸಿ. ರಾತ್ರಿ ಹಗಲು ಡೇಟಾ ತುಂಬಿದ ರೆಸಿಡೆಂಟ್‌ಗಳ ಹೆಸರನ್ನು ಕೊನೆಗೆ ಕೈಬಿಟ್ಟದ್ದನ್ನು ನಾನು ನೋಡಿದ್ದೇನೆ. ಅದು ಅನ್ಯಾಯ. ಬರ್ಮಿಂಗ್‌ಹ್ಯಾಮ್‌ನಿಂದ ನಡೆದ ಕೋವಿಡ್‌ಸರ್ಜ್ ಅಧ್ಯಯನ 116 ದೇಶಗಳ 1,40,231 ರೋಗಿಗಳನ್ನು ನೋಡಿ, ಸೋಂಕು ತಗುಲಿದ ಮೇಲೆ ಸರ್ಜರಿಗೆ ಸಾಧ್ಯವಾದರೆ ಕನಿಷ್ಠ 7 ವಾರ ಕಾಯಿರಿ ಅಂತ ಹೇಳಿತು. ಅದರಲ್ಲಿ ದುಡಿದ 15,000ಕ್ಕೂ ಹೆಚ್ಚು ಜನರನ್ನು ಲೇಖಕರೆಂದೇ ಹೆಸರಿಸಿದರು. ಮಾಡಲು ಮನಸ್ಸಿದ್ದರೆ ಆಗುತ್ತದೆ, ಅಲ್ವಾ?

ರೋಗಿಯ ಹೆಸರು, ಫೋನ್ ನಂಬರ್ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಸಂಶೋಧನೆಯ ಡೇಟಾ ಸುರಕ್ಷಿತವಾಗಿ ತುಂಬಿಡುವ ರೆಡ್‌ಕ್ಯಾಪ್ ಅನ್ನುವ ಸಾಫ್ಟ್‌ವೇರ್ ಲಾಭರಹಿತ ಸಂಸ್ಥೆಗಳಿಗೆ ಉಚಿತವಾಗಿ ಸಿಗುತ್ತದೆ. ನಿಮ್ಮ ಕಾಲೇಜಿನ ರಿಸರ್ಚ್ ಸೆಲ್‌ನಲ್ಲಿ ಅದು ಇದೆಯಾ ಅಂತ ನಾಳೆಯೇ ವಿಚಾರಿಸಿ. ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಮುಂದಿನ ಮೀಟಿಂಗ್ ದಿನಾಂಕವನ್ನೂ ಅಲ್ಲೇ ಕೇಳಿಕೊಂಡು ಬನ್ನಿ.