ಹತ್ತನೆಯ ದಿನದ ಲೆಕ್ಕ ಎಲ್ಲಿ?

ಚಿತ್ರದುರ್ಗದ ಮಿತ್ರರೆ,

‘ರೂಲೆಟ್: ಅದೃಷ್ಟವೋ, ಲೆಕ್ಕವೋ?’ ಎಂಬ ನಿಮ್ಮ ಲೇಖನ ತಲುಪಿದೆ. ಕಾಗುಣಿತ ಶುದ್ಧವಾಗಿದೆ, ಪಣಜಿಯ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗಿನ ವರ್ಣನೆ ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು. ನನ್ನ ತಲೆ ತಿನ್ನುತ್ತಿರುವುದು ಮೂರನೆಯ ಪುಟ. ಅದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಆ ಪುಟದ ಮೊದಲ ಸಾಲು ಹೀಗಿದೆ: ‘ಸೋತಾಗಲೆಲ್ಲ ಪಣವನ್ನು ದುಪ್ಪಟ್ಟು ಮಾಡುವ ಮಾರ್ಟಿಂಗೇಲ್ ಪದ್ಧತಿಯಲ್ಲಿ ಆಟಗಾರ ಹತ್ತರಲ್ಲಿ ಒಂಬತ್ತು ದಿನ ಗೆದ್ದೇ ಏಳುತ್ತಾನೆ.’

ಸುಳ್ಳಾಗಿದ್ದರೆ ಗೀಟು ಹೊಡೆದು ಮುಂದೆ ಹೋಗುತ್ತಿದ್ದೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ, ಹೆಚ್ಚುಕಡಿಮೆ ನಿಜವೇ ಇದೆ. ಸಿಟ್ಟು ಬಂದದ್ದು ಅದಕ್ಕೇ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಖಾನೆಗೆ ಬೀಳುತ್ತದೆ ಎಂದು ಹಣ ಕಟ್ಟುವ ಆಟ. ಯುರೋಪಿನ ಚಕ್ರದಲ್ಲಿ 37 ಖಾನೆ: 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಕೆಂಪಿನ ಮೇಲೆ 100 ರೂಪಾಯಿ ಕಟ್ಟಿದಿರಿ. ಸೋತರೆ 200, ಆಮೇಲೆ 400, ಹೀಗೆ ಏಳನೆಯ ಸಲಕ್ಕೆ 6,400. ಟೇಬಲ್ಲಿನ ಮಿತಿ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ. ನಡುವೆ ಎಲ್ಲೇ ಗೆದ್ದರೂ ಕೈಗೆ ಉಳಿಯುವುದು ಅದೇ 100. ಏಳೂ ಸಲ ಸೋತರೆ ಹೋಗುವುದು 12,700. ಅಂಥದ್ದು ಸುಮಾರು 106ರಲ್ಲಿ ಒಂದು ಸಲ ಆಗುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ನೂರು ನೂರು ಗೆದ್ದು ಎದ್ದುಬರುವವನು ಹತ್ತರಲ್ಲಿ ಒಂಬತ್ತು ದಿನ ಗೆದ್ದೇ ಬರುತ್ತಾನೆ, ಸರಿ. ಒಂಬತ್ತು ದಿನಕ್ಕೆ 9,000 ಬಂತು. ಹತ್ತನೆಯ ದಿನ 12,700 ಹೋಯಿತು. ನಿಮ್ಮ ಲೇಖನದಲ್ಲಿ ಒಂಬತ್ತು ದಿನ ಇದೆ, ಹತ್ತನೆಯದು ಇಲ್ಲ!

ಸೋಲನ್ನು ಈ ಪದ್ಧತಿ ಎಲ್ಲೂ ಕಡಿಮೆ ಮಾಡುವುದಿಲ್ಲ, ಒಂದೇ ದಿನಕ್ಕೆ ಗುಡ್ಡೆ ಹಾಕಿ ಇಡುತ್ತದೆ ಅಷ್ಟೆ. ಕಟ್ಟಿದ ಒಟ್ಟು ಹಣದಲ್ಲಿ ಸರಾಸರಿ ಶೇ. 2.70 ಕ್ಯಾಸಿನೊದವರದ್ದು, ಎರಡು ಸೊನ್ನೆ ಇರುವ ಅಮೆರಿಕದ ಚಕ್ರವಾದರೆ ಶೇ. 5.26. ಪಣವನ್ನು ಏರಿಸಿ, ಇಳಿಸಿ, 1, 1, 2, 3, 5 ಎಂದು ಏರುವ ಫಿಬೊನಾಚಿ ಸರಣಿಯಂತೆ ಕಟ್ಟಿ, ಆ ಶೇಕಡಾವಾರು ಅಲುಗುವುದಿಲ್ಲ.

ನಾನು ದಾವಣಗೆರೆಯಲ್ಲಿ ಪತ್ರಿಕೆಯ ಕೆಲಸ ಕಲಿಯುವಾಗ ಎಪಿಎಂಸಿಗೆ ಹೋಗಿ ಧಾರಣೆ ಬರೆದುಕೊಂಡು ಬರುವುದೇ ಮೊದಲ ಪಾಠ. ಮೆಕ್ಕೆಜೋಳ, ಶೇಂಗಾ, ಹತ್ತಿ. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ. ಜಾಗ ಸಾಲದೆ ಇದ್ದಾಗ ಗರಿಷ್ಠ ಒಂದನ್ನೇ ಹಾಕಿದರೆ ಆಗದೇ ಎಂದು ಜೊತೆಗಿದ್ದವನೊಬ್ಬ ಕೇಳಿದ. ನಮ್ಮ ಹಿರಿಯ ಸಂಪಾದಕರು ಕನ್ನಡಕ ಹಣೆಗೇರಿಸಿ, ‘ಹಾಕಪ್ಪ. ನಾಳೆ ರೈತ ಅದನ್ನ ನೋಡಿ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಮಾಲು ತರ್ತಾನೆ. ಕನಿಷ್ಠಕ್ಕೆ ಮಾರಿ, ಆಮೇಲೆ ನಿನ್ನ ಮನಿ ಎಲ್ಲೈತಿ ಅಂತ ಕೇಳ್ಕಂಡು ಬರ್ತಾನೆ’ ಅಂದರು. ನಿಮ್ಮ ಮೂರನೆಯ ಪುಟದಲ್ಲಿ ಇರುವುದು ಬರೀ ಗರಿಷ್ಠ ದರ.

ಅವರ ಕೈಬರಹ ಕೆಟ್ಟದಾಗಿತ್ತು, ನಾಲಿಗೆ ಇನ್ನೂ ಕೆಟ್ಟದ್ದು. ಅದು ಬೇರೆ ಮಾತು.

ಮುಂದಿನ ಸಾಲು: ‘ಸತತ ಆರು ಬಾರಿ ಕಪ್ಪು ಬಂದ ಮೇಲೆ ಕೆಂಪು ಬರುವ ಸಾಧ್ಯತೆ ಹೆಚ್ಚುತ್ತದೆ.’ ಯಾಕೆ ಹೆಚ್ಚುತ್ತದೆ? ಚೆಂಡಿಗೆ ಹಿಂದಿನದು ನೆನಪಿರುತ್ತದೆಯೇ? 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ಸತತ 26 ಸಲ ಕಪ್ಪು ಬಂತು. ಇನ್ನು ಕೆಂಪೇ ಅಂತ ಕಟ್ಟಿದವರೆಲ್ಲ ಮುಳುಗಿದರು. ಏಳನೆಯ ಸಲವಾಗಲಿ ಇಪ್ಪತ್ತೇಳನೆಯ ಸಲವಾಗಲಿ, ಕೆಂಪಿಗೆ ಇರುವುದು 37ರಲ್ಲಿ 18 ಪಾಲು. ಮಟ್ಕಾದ ಓಸಿ ಚಾರ್ಟ್ ಹಿಡಿದು ‘ಈ ಅಂಕಿ ಬಂದು ಬಹಳ ದಿನ ಆತು’ ಎಂದು ಕೂರುವವರ ವಾದವೂ ಇದೇ. ಮಟ್ಕಾ ಶುರುವಾದದ್ದೇ ನ್ಯೂಯಾರ್ಕಿನಿಂದ ಮುಂಬೈಗೆ ಬರುತ್ತಿದ್ದ ಹತ್ತಿ ಧಾರಣೆಯ ಮೇಲೆ ಕಟ್ಟುತ್ತಿದ್ದ ಬಾಜಿಯಿಂದ. ಹತ್ತಿ ಗಿರಣಿಗಳ ಊರಿನವರಿಗೆ ಆ ರೋಗವನ್ನು ಹೊಸದಾಗಿ ಪರಿಚಯಿಸಬೇಕಿಲ್ಲ.

ಅದರ ಕೆಳಗೆ ‘ವಿಜ್ಞಾನಿಗಳೂ ರೂಲೆಟ್ ಊಹಿಸಬಹುದೆಂದು ತೋರಿಸಿದ್ದಾರೆ’ ಎಂಬ ಒಂದು ಸಾಲು. ಹೆಸರಿಲ್ಲ, ವರ್ಷವಿಲ್ಲ. ಇಡೀ ಲೇಖನದ ಜೀವ ಇಲ್ಲಿತ್ತು ಮಾರಾಯ್ರೇ! 1961ರಲ್ಲಿ ಅಮೆರಿಕದ ಗಣಿತಜ್ಞರಾದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಮೈಮೇಲೆ ಬಚ್ಚಿಟ್ಟುಕೊಳ್ಳುವಷ್ಟು ಚಿಕ್ಕ ಕಂಪ್ಯೂಟರ್ ಕಟ್ಟಿ ಲಾಸ್ ವೇಗಸ್‌ಗೆ ಹೋದರು. ಬೂಟಿನೊಳಗಿನ ಸ್ವಿಚ್ಚನ್ನು ಕಾಲ್ಬೆರಳಿನಿಂದ ಒತ್ತಿ ಚಕ್ರದ ವೇಗ, ಚೆಂಡಿನ ವೇಗ ಅಳೆಯುವುದು. ಚಕ್ರದ ಎಂಟು ಭಾಗಗಳಲ್ಲಿ ಚೆಂಡು ಯಾವುದಕ್ಕೆ ಬೀಳಬಹುದು ಎಂಬುದು ಕಿವಿಯಲ್ಲಿ ಸ್ವರವಾಗಿ ಕೇಳಿಸುವುದು. ಯಂತ್ರ ಕೆಲಸ ಮಾಡಿತು, ಆದರೆ ಕಿವಿಯ ಸಣ್ಣ ತಂತಿ ಮತ್ತೆ ಮತ್ತೆ ಕಿತ್ತುಹೋಗುತ್ತಿತ್ತು. ಇಂಥ ಸಾಧನಗಳನ್ನು ನೆವಾಡಾ ರಾಜ್ಯ 1985ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಇನ್ನೊಬ್ಬ, ಸ್ಪೇನಿನ ಗೊನ್ಸಾಲೊ ಗಾರ್ಸಿಯಾ ಪೆಲಾಯೊ, 1990ರ ದಶಕದಲ್ಲಿ ಮ್ಯಾಡ್ರಿಡ್ ಕ್ಯಾಸಿನೊದ ಚಕ್ರಗಳ ಸಾವಿರಾರು ಫಲಿತಾಂಶ ಬರೆದಿಡಿಸಿ, ತಯಾರಿಕೆಯಲ್ಲಿ ಉಳಿದ ಸಣ್ಣ ಓರೆಯಿಂದಾಗಿ ಯಾವ ಅಂಕಿಗಳು ಹೆಚ್ಚು ಬೀಳುತ್ತವೆ ಎಂದು ಪತ್ತೆ ಮಾಡಿದ.

ಗಮನಿಸಿದಿರಾ? ಪೆಲಾಯೊ ಹಣ ಕಟ್ಟಿದ್ದು ಹೆಚ್ಚು ಬಂದ ಅಂಕಿಗಳ ಮೇಲೆ. ನೀವು ಓದುಗರಿಗೆ ಹೇಳುತ್ತಿರುವುದು ಬಾರದೇ ಉಳಿದದ್ದರ ಮೇಲೆ ಕಟ್ಟಿ ಅಂತ. ಅವನ ಹೆಸರನ್ನು ನಿಮ್ಮ ಪದ್ಧತಿಯ ಬೆಂಬಲಕ್ಕೆ ಕರೆಯಲಾಗುವುದಿಲ್ಲ, ಥಾರ್ಪ್‌ನದೂ ಅಷ್ಟೆ. ಅವರು ಅಳೆದದ್ದು ಮರ, ಲೋಹ, ವೇಗ. ಚಕ್ರವೇ ಇಲ್ಲದ ಮೊಬೈಲ್ ರೂಲೆಟ್‌ನಲ್ಲಿ ಅಳೆಯಲು ಏನಿದೆ? ‘ಅಭ್ಯಾಸಕ್ಕೆ’ ಎಂದು ನೀವು ಕೊಟ್ಟ ಆ್ಯಪ್‌ಗಳ ಹೆಸರನ್ನು ನಾನೇ ಹೊಡೆದುಹಾಕಿದ್ದೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದೆ.

ಕೊನೆಗೆ ‘ಈ ಪದ್ಧತಿಗಳು ಉಪಯುಕ್ತವೇ ಎಂಬುದನ್ನು ಓದುಗರ ವಿವೇಚನೆಗೆ ಬಿಡುತ್ತೇನೆ’ ಎಂದು ಕೈ ತೊಳೆದುಕೊಂಡಿದ್ದೀರಿ. ಓದುಗ ಲೆಕ್ಕ ಹಾಕಲಿಕ್ಕೆ ಬೇಕಾದ ಅಂಕಿಯನ್ನೇ ಕೊಡದೆ ವಿವೇಚನೆ ಮಾಡು ಅಂದರೆ ಅವನು ಏನು ಮಾಡಬೇಕು? ನಿಮಗೆ ಗೊತ್ತಿದೆ, ಉಪಯೋಗವಿಲ್ಲ ಅಂತ. ಬರೆಯಿರಿ.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿರಸ್ಕರಿಸಿಲ್ಲ. ಹಡಗಿನ ವರ್ಣನೆ ಅರ್ಧಕ್ಕೆ ಇಳಿಸಿ, ಥಾರ್ಪ್ ಮತ್ತು ಪೆಲಾಯೊಗೆ ಒಂದು ಪುಟ ಕೊಡಿ, ಹತ್ತನೆಯ ದಿನದಿಂದ ಶುರುಮಾಡಿ. ಶೀರ್ಷಿಕೆಯ ಪ್ರಶ್ನಾರ್ಥಕ ಚಿಹ್ನೆ ತೆಗೆಯಿರಿ. ಮುಂದಿನ ತಿಂಗಳ ಮೊದಲ ವಾರದೊಳಗೆ ಬಂದರೆ ಜಾಗ ಇಟ್ಟಿರುತ್ತೇನೆ.